ಸಂಜೆಯೊಳಗೆ ತಲೆದಂಡ

ಷೇಕ್ಸ್‌ಪಿಯರನ ‘ಕಾಮಿಡಿ ಆಫ್ ಎರರ್ಸ್’ ನಾಟಕವನ್ನು 1871ರಲ್ಲಿ ಕನ್ನಡಕ್ಕೆ ತಂದ ಚನ್ನಬಸಪ್ಪನವರು ಅದಕ್ಕೆ ‘ನಗದವರನ್ನು ನಗಿಸುವ ಕಥೆ’ ಎಂದು ಹೆಸರಿಟ್ಟರು. ಹೆಸರೇನೋ ಒಪ್ಪುವಂಥದೇ. ಆದರೆ ಮೂಲನಾಟಕದ ಪರದೆ ಏಳುವುದು ಒಬ್ಬ ಮುದುಕನ ಮರಣದಂಡನೆಯ ತೀರ್ಪಿನೊಡನೆ. ಮಗನನ್ನು ಅರಸುತ್ತ ಶತ್ರುಪಟ್ಟಣವಾದ ಎಫೆಸಸ್ಸಿಗೆ ಬಂದ ಸಿರಾಕ್ಯೂಸಿನ ವರ್ತಕ ಈಜಿಯನ್, ಸಂಜೆಯೊಳಗೆ ಸಾವಿರ ಮಾರ್ಕ್ ತೆರಬೇಕು. ಇಲ್ಲವೇ ತಲೆ ಕೊಡಬೇಕು.

ರೋಮಿನ ಕವಿ ಪ್ಲಾಟಸನ ನಾಟಕದಲ್ಲಿದ್ದುದು ಒಂದೇ ಅವಳಿಜೋಡಿ. ಷೇಕ್ಸ್‌ಪಿಯರ್ ಆಳುಗಳನ್ನೂ ಅವಳಿಗಳನ್ನಾಗಿಸಿ ಗೊಂದಲವನ್ನು ಇಮ್ಮಡಿಸಿದನು. ಹೆಂಡತಿಯು ಗಂಡನ ಸೋದರನನ್ನೇ ಗಂಡನೆಂದು ಬಗೆದು ಊಟಕ್ಕೆ ಕುಳ್ಳಿರಿಸುತ್ತಾಳೆ. ನಿಜವಾದ ಗಂಡ ತನ್ನ ಮನೆಯ ಬಾಗಿಲನ್ನು ತಾನೇ ಬಡಿಯುತ್ತ ಬೀದಿಯಲ್ಲಿ ನಿಲ್ಲುತ್ತಾನೆ. ಅಕ್ಕಸಾಲಿಗನು ಚಿನ್ನದ ಸರವನ್ನು ಒಬ್ಬನಿಗೆ ಕೊಟ್ಟು ಹಣಕ್ಕಾಗಿ ಇನ್ನೊಬ್ಬನನ್ನು ಹಿಡಿಸುತ್ತಾನೆ. ಸೋದರನನ್ನು ಹುಡುಕಲೆಂದೇ ಊರು ಬಿಟ್ಟವನಿಗೆ, ಇದು ಅವನ ಊರಾಗಿರಬಹುದೆಂದು ಹೊಳೆಯುವುದೇ ಇಲ್ಲ! ಹೊಳೆದಿದ್ದರೆ ನಾಟಕವೆಲ್ಲಿ?

ಹೊತ್ತು ಇಳಿಯುತ್ತದೆ. ವಧಾಸ್ಥಾನಕ್ಕೆ ನಡೆಯುತ್ತಿರುವ ಈಜಿಯನ್, ತಾನು ಸಾಕಿ ಬೆಳೆಸಿದ ಮಗನನ್ನು ಎದುರಿಗೆ ಕಂಡು ಬದುಕಿದೆನೆಂದುಕೊಳ್ಳುತ್ತಾನೆ. ಅವನಾದರೋ ಶೈಶವದಲ್ಲಿಯೇ ಕಡಲಿನಲ್ಲಿ ಅಗಲಿದ ಇನ್ನೊಬ್ಬ. ತಂದೆಯ ಮುಖವನ್ನೇ ಅರಿಯದವನು. ಈ ಮುದುಕನಾರೋ ತಿಳಿಯದೆಂದು ತಲೆಯಾಡಿಸುತ್ತಾನೆ. ಏಳು ವರ್ಷಗಳ ದುಃಖ ತನ್ನ ಮುಖವನ್ನೂ ದನಿಯನ್ನೂ ಇಷ್ಟು ಕೆಡಿಸಿತೇ, ಅಥವಾ ಕೈದಿಯನ್ನು ತಂದೆಯೆನ್ನಲು ಮಗನಿಗೆ ನಾಚಿಕೆಯೇ ಎಂದು ಆ ತಂದೆ ಕುಗ್ಗಿಹೋಗುತ್ತಾನೆ. ಅದುವರೆಗೆ ನಗಿಸಿದ ತಪ್ಪೂ ಇದೇ ಅಲ್ಲವೇ?

ಅಷ್ಟರಲ್ಲಿ ಮಠದ ಬಾಗಿಲು ತೆರೆಯುತ್ತದೆ. ಇನ್ನೊಬ್ಬ ಮಗನನ್ನು ಕರೆದುಕೊಂಡು ಹೊರಬಂದ ಮಠಾಧಿಕಾರಿಣಿ ಬೇರಾರೂ ಅಲ್ಲ, ಈಜಿಯನ್ನನ ಹೆಂಡತಿ.