ಯಾರಿಗೆ ಕಡಿಮೆ ಖರ್ಚು?

‘ಕಡಿಮೆ ಖರ್ಚಿನಲ್ಲಿ ಮನೆ ಅಲಂಕರಿಸಿ’ ಎಂಬ ಉಪದೇಶ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಕಡಿಮೆ ಖರ್ಚು ಯಾರಿಗೆ? ನಮ್ಮ ಉತ್ತರ ಕರ್ನಾಟಕದ ಕೌದಿಯನ್ನೇ ನೋಡಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಒತ್ತೊತ್ತಾಗಿ ಸಾಲುಹೊಲಿಗೆ ಹಾಕಬೇಕು. ಬಟ್ಟೆ ಪುಕ್ಕಟೆ, ನಿಜ. ಹೊಲಿಯುವವಳ ಕಣ್ಣು, ಬೆನ್ನು, ಮಧ್ಯಾಹ್ನಗಳೂ ಪುಕ್ಕಟೆಯೇ? ಕಸೂತಿಯಂತೂ ಇನ್ನೂ ಕಷ್ಟ. ಬಟ್ಟೆಯ ಎಳೆ ಎಣಿಸಿ, ಗಂಟು ಹಾಕದೆ, ಎರಡೂ ಬದಿ ಒಂದೇ ತರಹ ಕಾಣುವಂತೆ ಗವಂತಿ ಹೊಲಿಗೆ ಹಾಕಬೇಕು. ಇಷ್ಟಾದರೂ ಮನೆಯವರ ಮಾತು: ‘ಹೊತ್ತು ಹೋಗಲಿಕ್ಕೆ ಏನೋ ಮಾಡುತ್ತಾಳೆ.’

ಅವರ ಪೇಪರಿಗೆ ಮೇಜು, ಸ್ಕೂಟರಿಗೆ ನೆರಳು. ನಮ್ಮ ಸೂಜಿ-ದಾರಕ್ಕೆ ಮಾತ್ರ ಮಂಚದ ಕೆಳಗಿನ ಬಿಸ್ಕತ್ತಿನ ಡಬ್ಬಿ! ಮಕ್ಕಳಿಗೆ ಲೆಕ್ಕ ಹೇಳಿಕೊಡುವವಳು ನಾನು. ದಾರದ ಬೆಲೆ ಬರೆದು ದುಡಿಮೆಯನ್ನು ಬಿಟ್ಟ ಲೆಕ್ಕಕ್ಕೆ ನಾನು ಅಂಕ ಕೊಡುವುದಿಲ್ಲ.

ಅಕ್ಕ-ತಂಗಿಯರೇ, ಹೊಲಿಗೆಗೆ ಕೂತ ಗಂಟೆಗಳನ್ನು ಹಾಲಿನ ಲೆಕ್ಕದಂತೆ ಕ್ಯಾಲೆಂಡರಿನಲ್ಲಿ ಬರೆದಿಡಿ. ತಿಂಗಳ ಕೊನೆಗೆ ಅದನ್ನು ಮನೆಯವರ ಮುಂದಿಟ್ಟು, ಪಡಸಾಲೆಯಲ್ಲಿ ಕಿಟಕಿಯ ಬೆಳಕು ಬೀಳುವ ಒಂದು ಮೂಲೆ, ಒಂದು ಕಪಾಟು ಕೇಳಿ. ಮನೆ ಚೆಂದ ಕಾಣಲು ನಮ್ಮ ಕೈ ಬೇಕಾದರೆ, ಆ ಕೈಗೂ ಮನೆಯಲ್ಲೊಂದು ಜಾಗ ಬೇಕು.