ಮಂಜಿನ ದೀಪ ಶೋಕಿಗಲ್ಲ

ಮಂಜು ಬಿದ್ದರೆ ಅವರೆಕಾಯಿಗೆ ಸೊಗಡು ಬರುತ್ತೆ ಅಂತ ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಖುಷಿಪಡ್ತೀವಿ. ಆದರೆ ಅದೇ ಮಂಜಿನೊಳಗೆ ಆ ಕಾಯಿಯನ್ನು ಮಾರ್ಕೆಟ್ಟಿಗೆ ಸಾಗಿಸೋರೂ ನಾವೇ. ಬೆಳಗಿನ ಜಾವ ಹಳೇ ಕಾರಿನ ಹಿಂದಿನ ಸೀಟು ಮಡಚಿ, ಮೂಟೆ ಹಾಕಿಕೊಂಡು ಹೊರಡುವ ರೈತರು ಈಗ ಊರಿಗೆ ನಾಕಾರು ಜನ ಸಿಗ್ತಾರೆ. ಆ ಕಾರುಗಳ ಮುಂದೆ ಒಂದ್ಸಲ ಬಗ್ಗಿ ನೋಡಿ. ಬಂಪರಿನಲ್ಲಿರೋ ಫಾಗ್ ಲೈಟಿನಲ್ಲಿ ಒಂದಕ್ಕೆ ಗಾಜಿಲ್ಲ, ಇನ್ನೊಂದಕ್ಕೆ ಬಲ್ಬಿಲ್ಲ. ಕೇಳಿದರೆ "ಅದು ಶೋಕಿಗೆ ಇರೋದು ಬಿಡಪ್ಪ" ಅಂತಾರೆ. ಈ ಮಾತು ಸರಿಯಲ್ಲ ಅಂತ ಹೇಳೋಕೇ ಇದನ್ನು ಬರೀತಿದ್ದೀನಿ.

2023ರ ಅಕ್ಟೋಬರ್ 26ರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಹತ್ರ ಹೆದ್ದಾರಿಯಲ್ಲಿ ನಿಂತಿದ್ದ ಟ್ಯಾಂಕರಿಗೆ ಹಿಂದಿನಿಂದ ಸುಮೋ ಗುದ್ದಿ 13 ಜನ ಸತ್ತರು. ಅವತ್ತು ಮಂಜು ಕವಿದಿತ್ತು. ಒಂದು ದೀಪದಿಂದ ಅದು ತಪ್ಪುತ್ತಿತ್ತು ಅಂತ ನಾನು ಹೇಳಲ್ಲ. ಮಂಜಿನಲ್ಲಿ ಎದುರಿಗಿರೋದು ಎಷ್ಟು ತಡವಾಗಿ ಕಾಣುತ್ತೆ ಅನ್ನೋದನ್ನು ನೆನಪು ಮಾಡಿದೆ, ಅಷ್ಟೆ.

ಮಂಜು ಅಂದರೆ ಗಾಳಿಯಲ್ಲಿ ತೇಲೋ ನೀರಿನ ಸಣ್ಣ ಹನಿ. ಹೆಡ್‌ಲೈಟ್ ಎತ್ತರಕ್ಕೆ ಹಾಕಿದರೆ ಬೆಳಕು ಆ ಹನಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತೆ. ಎದುರಿಗೆ ಬಿಳೀ ಗೋಡೆ ನಿಂತಂಗಾಗುತ್ತೆ. ಫಾಗ್ ಲೈಟನ್ನು ತಗ್ಗಿನಲ್ಲಿ ಇಟ್ಟಿರೋದು ಅದಕ್ಕೇ. ಅದರ ಬೆಳಕು ಅಗಲವಾಗಿ, ನೆಲಕ್ಕೆ ಹತ್ತಿರ ಹರಡಿ ರಸ್ತೆಯ ಅಂಚನ್ನು ತೋರಿಸುತ್ತೆ. ಹಾಗಾಗಿ ಅದನ್ನು ಬಿಟ್ಟು ಮೇಲೆ ಎಲ್‌ಇಡಿ ಪಟ್ಟಿ ಹಾಕಿಸಿದರೆ ದುಡ್ಡೂ ದಂಡ, ಎದುರು ಬರೋನ ಕಣ್ಣೂ ಕುರುಡು.

ಮೋಟರಿನ ಸ್ಟಾರ್ಟರ್ ಬಿಚ್ಚಿ ಜೋಡಿಸೋ ನಮಗೆ ಒಂದು ಬಲ್ಬು ಹಾಕೋದು ದೊಡ್ಡ ಕೆಲಸವಲ್ಲ. ಗಾಡಿ ಆಫ್ ಮಾಡಿ, ದೀಪ ಆರಿದ ಮೇಲೆ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಚಕ್ರವನ್ನು ಪೂರ್ತಿ ಒಂದು ಕಡೆ ತಿರುಗಿಸಿದರೆ ಸುಮಾರು ಕಾರುಗಳಲ್ಲಿ ಚಕ್ರದ ಒಳಗಿನ ಪ್ಲಾಸ್ಟಿಕ್ ಹೊದಿಕೆ ಕೈಗೆ ಸಿಗುತ್ತೆ. ಅದರ ಒಂದೆರಡು ಸ್ಕ್ರೂ ತೆಗೆದು ಸರಿಸಿದರೆ ದೀಪದ ಬೆನ್ನು ಸಿಗುತ್ತೆ. ಕೆಲವಕ್ಕೆ ಬಂಪರಿನ ಕೆಳಗಿನಿಂದ ಕೈ ಹಾಕಬೇಕು. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಮಾತ್ರ ಯಾರೂ ನುಗ್ಗಬೇಡಿ. ವೈರಿನ ಪ್ಲಗ್ ಲಾಕ್ ಒತ್ತಿ ಎಳೆದು, ಬಲ್ಬನ್ನು ಎಡಕ್ಕೆ ಸ್ವಲ್ಪ ತಿರುಗಿಸಿದರೆ ಸಾಮಾನ್ಯವಾಗಿ ಈಚೆ ಬರುತ್ತೆ.

ಹಳೇ ಬಲ್ಬಿನ ಬುಡದಲ್ಲಿ ನಂಬರ್ ಇರುತ್ತೆ. ಅಂಗಡಿಗೆ ಅದನ್ನೇ ತಗೊಂಡು ಹೋಗಿ, ಅದೇ ನಂಬರಿನದು ಕೇಳಿ. 35 ವ್ಯಾಟಿನ ಜಾಗಕ್ಕೆ ಜಾಸ್ತಿ ಬೆಳಕು ಅಂತ 55 ವ್ಯಾಟಿಂದು ತುರುಕಿದರೆ ಹೋಲ್ಡರ್ರು, ವೈರು ಕಾಯುತ್ತೆ. ಹ್ಯಾಲೋಜನ್ ಬಲ್ಬಿನ ಗಾಜನ್ನು ಬರಿಗೈಲಿ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಕಡೆ ಕಾವು ಹೆಚ್ಚಾಗಿ ಬೇಗ ಹೋಗುತ್ತೆ. ಒಗೆದ ಬಟ್ಟೆಯಲ್ಲಿ ಹಿಡಿದು ಹಾಕಿ.

ಗಾಜೇ ಒಡೆದಿದ್ದರೆ ಪೂರ್ತಿ ದೀಪ ಬದಲಾಯಿಸಿ. ಒಡಕಿನಲ್ಲಿ ನೀರು ಹೋಗಿ ಹೊಸ ಬಲ್ಬೂ ಉಳಿಯಲ್ಲ.

ಹಾಕಿ ಬಿಟ್ಟರೆ ಸಾಲದು, ದಿಕ್ಕು ನೋಡಬೇಕು. ಮಟ್ಟದ ನೆಲದಲ್ಲಿ ಗೋಡೆಗೆ 25 ಅಡಿ ದೂರ ಗಾಡಿ ನಿಲ್ಲಿಸಿ. ದೀಪದ ನಡುಮಧ್ಯ ನೆಲದಿಂದ ಎಷ್ಟು ಎತ್ತರ ಇದೆಯೋ ಅಷ್ಟೇ ಎತ್ತರಕ್ಕೆ ಗೋಡೆಗೆ ಸುಣ್ಣದ ಗುರುತು ಹಾಕಿ. ಬೆಳಕಿನ ಮೇಲಂಚು ಗುರುತಿಗಿಂತ ನಾಕು ಇಂಚು ಕೆಳಗಿರಲಿ.

"ಎಲ್ಲಾ ನಾವೇ ಮಾಡಿದ್ರೆ ಎಲೆಕ್ಟ್ರಿಷಿಯನ್ ಯಾಕೆ?" ಅಂತ ಕೇಳಬಹುದು. ಅವರಿಗೂ ಕೆಲಸ ಐತೆ. ಹೊಸ ಬಲ್ಬು ಹಾಕಿದ ಮೇಲೂ ಫ್ಯೂಸ್ ಮತ್ತೆ ಮತ್ತೆ ಹೋದರೆ ವೈರಿನಲ್ಲೇ ಶಾರ್ಟ್ ಇದೆ ಅಂತ ಅರ್ಥ, ಅದು ಅವರ ಪಾಲಿನದು. ಮೋಟರ್ ಶೆಡ್ಡಿನಲ್ಲಿ ಮಾಡಿದಂಗೆ ಫ್ಯೂಸಿನ ಜಾಗಕ್ಕೆ ತಂತಿ ಕಟ್ಟಿದರೆ ಗಾಡಿಗೇ ಬೆಂಕಿ. ಆದರೆ ಒಂದು ಬಲ್ಬಿಗೋಸ್ಕರ ಪೇಟೆಗೆ ಹೋಗೋಣ ಅಂತ ಸಂಕ್ರಾಂತಿ ತನಕ ತಳ್ಳಿದರೆ ಅಷ್ಟೊತ್ತಿಗೆ ಮಂಜಿನ ಕಾಲ ಮುಗಿಯುತ್ತಾ ಬಂದಿರುತ್ತೆ.

ಇನ್ನೊಂದು ಮಾತು. ಫಾಗ್ ಲೈಟ್ ಹತ್ತಿರದ ರಸ್ತೆ ತೋರಿಸುತ್ತೆ, ದೂರದ್ದಲ್ಲ. ಗಂಟೆಗೆ 60 ಕಿಲೋಮೀಟರ್ ಓಡೋ ಗಾಡಿ ಒಂದು ಸೆಕೆಂಡಿಗೆ ಹದಿನಾರು ಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತೆ. ದೀಪ ಸರಿ ಇದೆ ಅಂತ ಓಡಿಸೋದಲ್ಲ. ನಮಗೆ ಕಾಣೋದು ಎಷ್ಟು ಮುಖ್ಯವೋ, ನಾವು ಇನ್ನೊಬ್ಬರಿಗೆ ಕಾಣೋದೂ ಅಷ್ಟೇ ಮುಖ್ಯ. ಟ್ರ್ಯಾಕ್ಟರ್ ಟ್ರೇಲರ್ ಇದ್ದೋರು ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ, ಧೂಳು ಕೂತರೆ ಒರೆಸಿ. ರಾಗಿ ಕಣ ಮುಗಿಯೋ ಮೊದಲು ಒಂದು ಬಿಡುವಿನ ಬೆಳಿಗ್ಗೆ ಈ ಕೆಲಸಕ್ಕೆ ಇಡಿ. ಬೆಳೆದ ಕಾಯಿ ಮಾರ್ಕೆಟ್ ಮುಟ್ಟಿದರೆ ಸಾಲದು, ಒಯ್ದೋರೂ ಮನೆ ಮುಟ್ಟಬೇಕು.