ಇಂದಿನ ದಿನಕ್ಕೆ ಇಷ್ಟು ಸಾಕು



'ಸಂಕಟ ಬಂದಾಗ ವೆಂಕಟರಮಣ' ಎಂಬ ಗಾದೆ ನಿಮಗೆಲ್ಲ ಗೊತ್ತು. ಈ ಗಾದೆ ಅತಿ ಹೆಚ್ಚು ನಿಜವಾಗುವುದು ಪರೀಕ್ಷೆಯ ದಿನಗಳಲ್ಲಿ. ವರ್ಷವಿಡೀ ದೇವರ ಕೋಣೆಯ ಕಡೆ ತಿರುಗಿ ನೋಡದ ಹುಡುಗನೂ ಅಂದು ಹಾಲ್ ಟಿಕೆಟ್ ದೇವರ ಮುಂದಿಟ್ಟು ಕೈಮುಗಿಯುತ್ತಾನೆ. ತಾಯಿ ಹರಕೆ ಹೊರುತ್ತಾಳೆ. ತಂದೆ, 'ಈ ಸಲ ಫಸ್ಟ್ ಕ್ಲಾಸ್ ಬರಲಿ' ಎಂದು ಮನಸ್ಸಿನಲ್ಲೇ ದೇವರೊಡನೆ ಒಂದು ಕರಾರು ಮಾಡಿಕೊಳ್ಳುತ್ತಾನೆ. ಇದರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದವಿಲ್ಲ. ಹೆದರಿಕೆಗೆ ಜಾತಿಯಿಲ್ಲ.

ನಮ್ಮ ಮಾಣಿಕನಗರದ ನೆಲವೇ ಈ ಭೇದವನ್ನು ಒಪ್ಪದ ನೆಲ. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಹುಮನಾಬಾದಿನ ಪಕ್ಕದಲ್ಲಿ ನೆಲೆನಿಂತು, ಎಲ್ಲ ಮತಗಳೂ ಒಬ್ಬನೇ ದೇವರೆಡೆಗೆ ಹೋಗುವ ದಾರಿಗಳು ಎಂಬ 'ಸಕಲಮತ' ತತ್ತ್ವವನ್ನು ಸಾರಿದರು. 1865ರಲ್ಲಿ ಅವರು ಸಮಾಧಿಸ್ಥರಾದ ಮೇಲೂ ಆ ಮಾತು ಇಲ್ಲಿ ಉಳಿದಿದೆ. ಆದ್ದರಿಂದ ನೆರೆಮನೆಯವರು ದೇವರನ್ನು ಹೇಗೆ ನೆನೆಯುತ್ತಾರೆ ಎಂದು ತಿಳಿದುಕೊಳ್ಳುವುದು ನಮಗೆ ಹೊಸದಲ್ಲ. ಈ ವಾರ ಕ್ರೈಸ್ತ ಕುಟುಂಬಗಳ ದಿನನಿತ್ಯದ ಪ್ರಾರ್ಥನೆಯನ್ನು ಕುರಿತು ಯೋಚಿಸೋಣ.

ಬೀದರ ಜಿಲ್ಲೆಯ ಕ್ರೈಸ್ತರಲ್ಲಿ ಬಹಳಷ್ಟು ಜನ ಮೆಥೋಡಿಸ್ಟ್ ಸಭೆಗೆ ಸೇರಿದವರು. ನಿಜಾಮರ ಆಳ್ವಿಕೆಯ ಕಾಲದಲ್ಲಿ ಅಮೆರಿಕದ ಮಿಶನರಿಗಳ ಮೂಲಕ ಈ ಸಭೆ ಇಲ್ಲಿ ಬೇರೂರಿತು. 'ಮೆಥೋಡಿಸ್ಟ್' ಎಂಬ ಹೆಸರಿನ ಹಿಂದೆ ಒಂದು ಸ್ವಾರಸ್ಯವಿದೆ. ಅದು ವಿದ್ಯಾರ್ಥಿಗಳ ಬಾಯಿಂದ ಬಂದ ಅಡ್ಡಹೆಸರು! 1729ರ ಸುಮಾರಿಗೆ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ವೆಸ್ಲಿ ಎಂಬ ವಿದ್ಯಾರ್ಥಿ, ಅವನ ಅಣ್ಣ ಜಾನ್ ವೆಸ್ಲಿ ಮತ್ತು ಕೆಲವು ಗೆಳೆಯರು ಸೇರಿ ಒಂದು ಚಿಕ್ಕ ಕೂಟ ಮಾಡಿಕೊಂಡರು. ನಿಗದಿಯಾದ ಹೊತ್ತಿಗೆ ಪ್ರಾರ್ಥನೆ, ನಿಗದಿಯಾದ ಹೊತ್ತಿಗೆ ಓದು, ಜೈಲಿನಲ್ಲಿದ್ದ ಕೈದಿಗಳ ಭೇಟಿ, ಬಡ ಮಕ್ಕಳಿಗೆ ಪಾಠ. ಎಲ್ಲದಕ್ಕೂ ಒಂದು ಕ್ರಮ, ಒಂದು ಮೆಥಡ್. ಜೊತೆಯ ಹುಡುಗರು ಇವರನ್ನು 'ಮೆಥೋಡಿಸ್ಟರು' ಎಂದು ಕರೆದು ನಕ್ಕರು. ನಕ್ಕವರ ಹೆಸರು ಯಾರಿಗೂ ನೆನಪಿಲ್ಲ. ಆ ಅಡ್ಡಹೆಸರು ಮಾತ್ರ ಜಗತ್ತನ್ನೆಲ್ಲ ಸುತ್ತಿ ನಮ್ಮ ಹುಮನಾಬಾದಿಗೂ ಬಂದಿತು.

ಇದರಲ್ಲಿ ಒಂದು ಪಾಠವಿದೆ. ಆ ಹುಡುಗರು ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಪ್ರಾರ್ಥಿಸಿದವರಲ್ಲ. ಏನೂ ವಿಶೇಷವಿಲ್ಲದ ದಿನಗಳಲ್ಲಿಯೂ ಪ್ರಾರ್ಥಿಸಿದರು. ವಿಶ್ವಾಸ ಎಂಬುದು ಅವಸರಕ್ಕೆ ಅಂಗಡಿಯಿಂದ ತರುವ ವಸ್ತುವಲ್ಲ. ಹಾಲಿಗೆ ಹೆಪ್ಪು ಹಾಕಿದ ಮೇಲೆ ಅಲುಗಾಡಿಸದೆ ಕಾಯಬೇಕು, ಆಗ ಮೊಸರು. ದಿನದ ಪ್ರಾರ್ಥನೆಯೂ ಹಾಗೆಯೇ, ಮನಸ್ಸಿಗೆ ಹಾಕುವ ಹೆಪ್ಪು.

ಹಾಗಾದರೆ ದಿನವೂ ಕೇಳುವುದೇನನ್ನು? ಯೇಸು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯನ್ನು ಕ್ರೈಸ್ತರ ಮನೆಯ ಚಿಕ್ಕ ಮಕ್ಕಳೂ ಬಾಯಿಪಾಠ ಹೇಳುತ್ತಾರೆ. ಅದು ಅರ್ಧ ನಿಮಿಷದ ಪ್ರಾರ್ಥನೆ. ಅದರಲ್ಲಿ ಹೊಟ್ಟೆಪಾಡಿಗಾಗಿ ಕೇಳುವುದು ಒಂದೇ ಒಂದು: ಆ ದಿನದ ಆಹಾರ. ಮುಂದಿನ ವರ್ಷದ್ದಲ್ಲ, ಕಣಜ ತುಂಬುವಷ್ಟೂ ಅಲ್ಲ. ಹಳೆಯ ಒಡಂಬಡಿಕೆಯಲ್ಲಿ ಇದಕ್ಕೆ ಹೊಂದುವ ಒಂದು ಕಥೆಯಿದೆ. ಮೋಶೆಯೊಡನೆ ಮರುಭೂಮಿಯಲ್ಲಿ ನಡೆಯುತ್ತಿದ್ದ ಇಸ್ರಾಯೇಲರಿಗೆ ದೇವರು 'ಮನ್ನ' ಎಂಬ ಆಹಾರ ಕೊಡುತ್ತಾನೆ. ಅಂದಂದಿನ ಪಾಲನ್ನು ಅಂದಂದೇ ಕೂಡಿಸಿಕೊಳ್ಳಬೇಕು. ನಾಳೆಗಿರಲಿ ಎಂದು ಬಚ್ಚಿಟ್ಟವರ ಪಾಲು ಬೆಳಗಾಗುವಷ್ಟರಲ್ಲಿ ಹುಳುಬಿದ್ದು ನಾರುತ್ತಿತ್ತು. ಸಬ್ಬತ್ ದಿನದ ಪಾಲನ್ನು ಮಾತ್ರ ಹಿಂದಿನ ದಿನವೇ ಕೂಡಿಸಲು ಅಪ್ಪಣೆಯಿತ್ತು.

ವಿದ್ಯಾರ್ಥಿಗಳ ಚಿಂತೆಯೂ ಹೀಗೆ ಬಚ್ಚಿಟ್ಟ ಮನ್ನದಂತೆ. ಜುಲೈ ತಿಂಗಳಲ್ಲಿ ಕುಳಿತು ಮಾರ್ಚ್ ತಿಂಗಳ ಫಲಿತಾಂಶಕ್ಕೆ ಹೆದರಿದರೆ ಜುಲೈ ತಿಂಗಳ ಪಾಠ ತಲೆಗೆ ಹೋಗುವುದಿಲ್ಲ. 'ದೇವರೇ, ಇಂದಿನ ಈ ಒಂದು ಅಧ್ಯಾಯ ತಿಳಿಯುವಷ್ಟು ಬುದ್ಧಿ ಕೊಡು' ಎಂದು ಕೇಳುವುದು ಚಿಕ್ಕ ಪ್ರಾರ್ಥನೆ. ಆದರೆ ಅದರ ಬೆನ್ನಿಗೇ ಪುಸ್ತಕ ತೆರೆಯಬಹುದು. 'ತೊಂಬತ್ತು ಪರ್ಸೆಂಟ್ ಕೊಡು' ಎಂದು ಕೇಳಿದ ಮೇಲೆ ಮಾಡುವುದೇನು? ಕಾಯುತ್ತ ಕೂರುವುದಷ್ಟೇ!

ಓದದೆ ದೇವರ ಮೇಲೆ ಭಾರ ಹಾಕುವುದು ಭಕ್ತಿಯಲ್ಲ. ಬೈಬಲ್ಲಿನಲ್ಲಿ ಸೈತಾನನು ಯೇಸುವನ್ನು ದೇವಾಲಯದ ತುದಿಗೆ ಕರೆದೊಯ್ದು, ಇಲ್ಲಿಂದ ಧುಮುಕು, ದೇವರು ಕಾಪಾಡುತ್ತಾನೆ ಎಂದು ಪುಸಲಾಯಿಸುತ್ತಾನೆ. ಯೇಸು ಒಪ್ಪುವುದಿಲ್ಲ. ದೇವರನ್ನು ನಂಬುವುದು ಬೇರೆ, ದೇವರನ್ನೇ ಪರೀಕ್ಷೆಗೆ ಕೂರಿಸುವುದು ಬೇರೆ. ಪುಸ್ತಕ ಮುಟ್ಟದೆ ಪರೀಕ್ಷಾ ಕೊಠಡಿಗೆ ಹೋಗಿ ಕಣ್ಣು ಮುಚ್ಚಿ ಕೂರುವವನು ಗೋಪುರದಿಂದ ಧುಮುಕಿದಂತೆಯೇ ಸರಿ. ಶರಣರ ಕಲ್ಯಾಣದ ಪಕ್ಕದಲ್ಲಿ ಬಾಳುವ ನಮಗೆ ಕಾಯಕದ ಬೆಲೆಯನ್ನು ಹೊರಗಿನವರು ಬಂದು ಹೇಳಬೇಕಾಗಿಲ್ಲ.

ಪ್ರಾರ್ಥನೆ ಮತ್ತು ಕಾಯಕ ಎರಡನ್ನೂ ಒಟ್ಟಿಗೆ ನಡೆಸಿದ ಒಬ್ಬ ಕನ್ನಡ ನಾಡಿನ ಮಗಳ ಬಾಳನ್ನು ನೋಡಿ. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಕಾರ್ಕಳದ ಕಡೆಯ ಪಶ್ಚಿಮ ಘಟ್ಟದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ದೊಡ್ಡ ಸಂಸ್ಕೃತ ಪಂಡಿತರು. ಹೆಣ್ಣುಮಕ್ಕಳಿಗೆ ಓದು ನಿಷಿದ್ಧವಾಗಿದ್ದ ಆ ಕಾಲದಲ್ಲಿ ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿದರು. ಈ ಕುಟುಂಬ ಪುರಾಣ ಹೇಳುತ್ತ ತೀರ್ಥಕ್ಷೇತ್ರಗಳನ್ನು ಸುತ್ತುತ್ತಿದ್ದಾಗ ಬರಗಾಲ ಬಂದಿತು. ರಮಾಬಾಯಿಗೆ ಹದಿನಾರು ವರ್ಷವಾಗುವ ಹೊತ್ತಿಗೆ ತಂದೆ, ತಾಯಿ, ಅಕ್ಕ ಒಬ್ಬೊಬ್ಬರಾಗಿ ತೀರಿಕೊಂಡರು. ಅಣ್ಣನೊಡನೆ ನಡೆಯುತ್ತಲೇ ಸಾವಿರಾರು ಮೈಲಿ ದಾಟಿ 1878ರಲ್ಲಿ ಕಲಕತ್ತೆ ಸೇರಿದಾಗ, ಅಲ್ಲಿನ ವಿದ್ವಾಂಸರು ಈಕೆಯ ವಿದ್ಯೆಗೆ ಬೆರಗಾಗಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು. ಎರಡು ವರ್ಷದಲ್ಲಿ ಅಣ್ಣನೂ ಹೋದ. ಮದುವೆಯಾಯಿತು; 1882ರಲ್ಲಿ ಗಂಡನೂ ಹೋದ. ಕೈಯಲ್ಲಿ ಪುಟ್ಟ ಮಗಳು ಮನೋರಮಾ.

1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತ ಧರ್ಮ ಸ್ವೀಕರಿಸಿದ ರಮಾಬಾಯಿ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ 'ಶಾರದಾ ಸದನ' ತೆರೆದರು. ಮುಂದೆ ಪುಣೆ-ಸೊಲ್ಲಾಪುರ ರೈಲು ದಾರಿಯ ಕೆಡಗಾಂವದಲ್ಲಿ 'ಮುಕ್ತಿ' ಆಶ್ರಮ ಬೆಳೆಯಿತು. 1896-97ರ ಬರಗಾಲದಲ್ಲಿ ತಾವೇ ಮಧ್ಯಪ್ರಾಂತಕ್ಕೆ ಹೋಗಿ ಹಸಿದ ಹೆಣ್ಣುಮಕ್ಕಳನ್ನು ನೂರಾರು ಸಂಖ್ಯೆಯಲ್ಲಿ ಕರೆತಂದರು. ಅಷ್ಟು ಬಾಯಿಗಳಿಗೆ ಅನ್ನವೆಲ್ಲಿಂದ? ಮುಕ್ತಿಯಲ್ಲಿ ದಿನವೂ ಪ್ರಾರ್ಥನೆ ನಡೆಯುತ್ತಿತ್ತು. ಅದರ ಜೊತೆಗೆ ಬಾವಿ ತೋಡಿದರು, ಹೊಲ ಉತ್ತರು, ನೇಯ್ಗೆ ಕಲಿಸಿದರು, ಮುದ್ರಣಾಲಯ ನಡೆಸಿದರು. ನೀರಿಗಾಗಿ ದೇವರನ್ನು ಕೇಳಿದವರ ಕೈಯಲ್ಲಿ ಗುದ್ದಲಿಯೂ ಇತ್ತು. ನಮ್ಮ ಪಕ್ಕದ ಕಲಬುರಗಿಯಲ್ಲಿಯೂ 1912ರ ಸುಮಾರಿಗೆ ಇವರು ಶಾಲೆಯೊಂದನ್ನು ತೆರೆದಾಗ, ಅದರ ಹೊಣೆ ಹೊತ್ತವಳು ಮಗಳು ಮನೋರಮಾ.

ಈಗ ಕಷ್ಟದ ಪ್ರಶ್ನೆಗೆ ಬರೋಣ. ಪ್ರಾರ್ಥಿಸಿದ್ದು ಸಿಗದಿದ್ದರೆ? ತನ್ನ ನಂತರ ಮುಕ್ತಿಯನ್ನು ಮಗಳು ನಡೆಸಲಿ ಎಂಬುದು ರಮಾಬಾಯಿಯವರ ಆಸೆಯಾಗಿತ್ತು. 1921ರಲ್ಲಿ ಮನೋರಮಾ ತಾಯಿಗಿಂತ ಮೊದಲೇ ತೀರಿಕೊಂಡಳು. ಬೈಬಲ್ಲನ್ನು ಹೀಬ್ರೂ, ಗ್ರೀಕ್ ಮೂಲದಿಂದ ಸರಳ ಮರಾಠಿಗೆ ತರುವ ಕೆಲಸ ಆಗ ನಡೆದಿತ್ತು. ಆ ತಾಯಿ ದುಃಖವನ್ನು ನುಂಗಿಕೊಂಡು ಅದೇ ಕೆಲಸ ಮುಂದುವರಿಸಿದರು. 1922ರ ಏಪ್ರಿಲ್ ತಿಂಗಳಲ್ಲಿ ತೀರಿಕೊಂಡರು. ಕೇಳಿದ್ದೆಲ್ಲ ಸಿಕ್ಕಿದ್ದಕ್ಕೆ ಅವರು ನಂಬಿದವರಲ್ಲ. ಸಿಗದೆ ಹೋದ ದಿನವೂ ಎದ್ದು ಅಂದಿನ ಕೆಲಸ ಮಾಡುವ ಬಲ ಅವರ ನಂಬಿಕೆಯಲ್ಲಿತ್ತು. ಶಿಲುಬೆಗೇರುವ ಹಿಂದಿನ ರಾತ್ರಿ ಯೇಸುವೂ ಈ ಸಂಕಟ ತಪ್ಪಲಿ ಎಂದೇ ತಂದೆಯನ್ನು ಬೇಡಿಕೊಂಡ, ಕೊನೆಗೆ ತಂದೆಯ ಚಿತ್ತಕ್ಕೆ ಬಿಟ್ಟ ಎಂದು ಸುವಾರ್ತೆಗಳು ಹೇಳುತ್ತವೆ. ಸಂಕಟ ತಪ್ಪಲಿಲ್ಲ. ಹಾಗೆಂದು ಆ ಪ್ರಾರ್ಥನೆ ವ್ಯರ್ಥವಾಯಿತೆಂದು ಯಾವ ಕ್ರೈಸ್ತನೂ ಹೇಳುವುದಿಲ್ಲ.

ಪಾಲಕರೇ, ಇಲ್ಲಿ ನಿಮಗೊಂದು ಮಾತು. 'ದೇವರಿಗೆ ಸರಿಯಾಗಿ ಬೇಡಿಕೊಂಡಿಲ್ಲ, ಅದಕ್ಕೇ ಫೇಲಾದೆ' ಎಂದು ಮಗುವಿಗೆ ಎಂದೂ ಹೇಳಬೇಡಿ. ಅಂಕ ಕಳೆದುಕೊಂಡ ಮಗು ಆ ಒಂದು ಮಾತಿನಿಂದ ದೇವರನ್ನೂ ಕಳೆದುಕೊಳ್ಳುತ್ತದೆ, ನಿಮ್ಮನ್ನೂ ಕಳೆದುಕೊಳ್ಳುತ್ತದೆ. ಪರೀಕ್ಷೆಯನ್ನು ಮತ್ತೆ ಬರೆಯಬಹುದು. ಹೋದ ಮಗು ಮತ್ತೆ ಬರುವುದಿಲ್ಲ. ಸಂಜೆಯ ಊಟಕ್ಕೆ ಮುಂಚೆ ಐದು ನಿಮಿಷ ಮಕ್ಕಳೊಡನೆ ಕುಳಿತುಕೊಳ್ಳಿ. ಅವರ ಪ್ರಾರ್ಥನೆಯಲ್ಲಿ ಯಾವ ಹೆದರಿಕೆ ಇದೆ ಎಂಬುದು ನಿಮ್ಮ ಕಿವಿಗೂ ಬೀಳಲಿ. ಎಷ್ಟೋ ಮನೆಗಳಲ್ಲಿ ಮಗು ದೇವರಿಗೆ ಹೇಳುವುದನ್ನು ಅಪ್ಪ-ಅವ್ವ ಕೇಳಿಸಿಕೊಂಡರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ.

ವಿದ್ಯಾರ್ಥಿಗಳೇ, ನಿಮ್ಮ ಮತ ಯಾವುದೇ ಇರಲಿ, ಈ ಕ್ರಮವನ್ನು ಒಂದು ತಿಂಗಳು ಮಾಡಿ ನೋಡಿ. ನಿನ್ನೆಯ ಒಂದು ಒಳಿತಿಗೆ ಕೃತಜ್ಞತೆ ಹೇಳಿ. ಮಾಡಿದ ಒಂದು ತಪ್ಪನ್ನು ಒಪ್ಪಿಕೊಳ್ಳಿ. ನಿಮಗಿಂತ ಕಷ್ಟದಲ್ಲಿರುವ ಒಬ್ಬರಿಗಾಗಿ ಬೇಡಿಕೊಳ್ಳಿ. ಇಂದಿನ ಒಂದು ಕೆಲಸಕ್ಕೆ ಬಲ ಕೇಳಿ. ಅಷ್ಟೇ, ಎದ್ದು ಆ ಕೆಲಸಕ್ಕೆ ಕೈಹಾಕಿ. ಮನಸ್ಸಿನ ಭಾರ ಹೊರಲಾರದಷ್ಟು ಹೆಚ್ಚಿದರೆ ಒಬ್ಬರೇ ಕೂರಬೇಡಿ. ಮನೆಯವರಿಗೆ, ಗುರುಗಳಿಗೆ ಹೇಳಿ. ಸರ್ಕಾರದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಫೋನ್ ಮಾಡಬಹುದು. ಹಾಗೆ ನೆರವು ಕೇಳುವುದು ನಂಬಿಕೆಯ ಕೊರತೆಯಲ್ಲ. ದೇವರು ಸಹಾಯ ಕಳಿಸುವುದು ಬಹುಮಟ್ಟಿಗೆ ಮನುಷ್ಯರ ಕೈಯಲ್ಲಿಯೇ.

'ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ' ಎಂದು ನಮ್ಮ ಹಿರಿಯರು ಹೇಳಿದ್ದು ಸೋಮಾರಿಗಳಿಗಲ್ಲ. ದುಡಿದು ದಣಿದು, ನಾಳೆ ಹೇಗೋ ಎಂದು ಹೆದರಿದವರಿಗೆ. ನಾಳೆಯ ಭಾರವನ್ನು ದೇವರಿಗೆ ಬಿಡಿ. ಇಂದಿನ ಪಾಠ ನಿಮ್ಮದು, ಪುಸ್ತಕ ತೆರೆಯಿರಿ.